ನಿಮ್ಮ ಮನೆಯಲ್ಲಿ ಯಾರ ಕೋಡ್ ಎಷ್ಟು?

ಒಂದು ಸಣ್ಣ ಪ್ರಶ್ನೆ ಕೇಳ್ತೀನಿ. ಕಳೆದ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ, ಒಂದೇ ಒಂದು ಗಂಟೆ, ನೀವು ದುಡಿದಿದ್ದೀರಾ? ಸಂಬಳಕ್ಕಾದರೂ ಸರಿ, ಕೂಲಿಗಾದರೂ ಸರಿ, ಸ್ವಂತ ವ್ಯಾಪಾರಕ್ಕಾದರೂ ಸರಿ. ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಬಿಟ್ಟಿಯಾಗಿ ಕೂತಿದ್ದರೂ ಸರಿ.

ಹೌದು ಅಂದರೆ ಆ ವಾರದ ಮಟ್ಟಿಗೆ ನೀವು ಭಾರತ ಸರ್ಕಾರದ ಲೆಕ್ಕದಲ್ಲಿ ಉದ್ಯೋಗಸ್ಥರು. ಉಳಿದ ಆರು ದಿನ ಹಾಸಿಗೆಯಲ್ಲೇ ಬಿದ್ದುಕೊಂಡು ಜಾಬ್ ಆಪ್ ರಿಫ್ರೆಶ್ ಮಾಡ್ತಾ ಇದ್ದರೂ ಲೆಕ್ಕ ಬದಲಾಗಲ್ಲ.

ಇದೇನು ಕಣ್ಕಟ್ಟು ಅಂತ ಅನ್ನಿಸಬಹುದು. ಆದರೆ ಒಂದು ಗಂಟೆಯ ನಿಯಮ ನಮ್ಮವರು ಕಂಡುಹಿಡಿದದ್ದೇನಲ್ಲ. ಐಎಲ್‌ಒ, ಅಂದರೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮಾನದಂಡದಲ್ಲೂ ಅದೇ ಇದೆ. ನನಗೆ ಕುತೂಹಲ ಹುಟ್ಟಿದ್ದು ಬೇರೆ ಕಾರಣಕ್ಕೆ. 2023ರ ಜುಲೈನಿಂದ 2024ರ ಜೂನ್‌ವರೆಗಿನ ವಾರ್ಷಿಕ ವರದಿಯ ಪ್ರಕಾರ, 15 ವರ್ಷ ಮೇಲ್ಪಟ್ಟವರಲ್ಲಿ ನಿರುದ್ಯೋಗ ದರ ಶೇ. 3.2. ಇದೇ ದರ 2017-18ರಲ್ಲಿ ಶೇ. 6 ಇತ್ತು. ಆರು ವರ್ಷದಲ್ಲಿ ಹತ್ತಿರಹತ್ತಿರ ಅರ್ಧಕ್ಕಿಳಿದಿದೆ. ಆಫೀಸಿನ ಟೀ ಬ್ರೇಕಲ್ಲಿ ಈ ಸುದ್ದಿ ಓದಿದಾಗ ನಮ್ಮ ಟೀಮಿನವರು ಕೇಳಿದ್ದು ಒಂದೇ ಮಾತು: "ಹಾಗಾದ್ರೆ ನನ್ನ ಕಸಿನ್ ಯಾಕೆ ಇನ್ನೂ ಮನೇಲಿದಾನೆ?" ಮೇಜಿನ ಸುತ್ತ ಕೂತಿದ್ದ ಎಂಟು ಜನರಲ್ಲಿ ಆರು ಜನಕ್ಕೆ ಅಂಥ ಕಸಿನ್ ಒಬ್ಬರಿದ್ದರು.

ನಾನು ಅರ್ಥಶಾಸ್ತ್ರ ಓದಿದವಳಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಆದರೆ ಪ್ರೋಗ್ರಾಂ ವಿಚಿತ್ರ ಉತ್ತರ ಕೊಟ್ಟರೆ ಒಳಗೆ ಯಾವ ಕಂಡಿಷನ್ ಬರೆದಿದ್ದಾರೆ ಅಂತ ಹೋಗಿ ನೋಡೋದು ನಮ್ಮ ಕಸುಬು. ಹಾಗಾಗಿ ವರದಿಯನ್ನೂ ಅದರ ವ್ಯಾಖ್ಯೆಗಳನ್ನೂ ಡೌನ್‌ಲೋಡ್ ಮಾಡಿಕೊಂಡು ಕೂತೆ. ಎರಡು ವಾರಾಂತ್ಯ ಹೋಯ್ತು. ಹೋಗಿದ್ದಕ್ಕೆ ಬೇಸರವಿಲ್ಲ.

ಎರಡಂಕಿಯ ಜಾತಕ

ಈ ಲೆಕ್ಕ ಬರೋದು ಪಿಎಲ್‌ಎಫ್‌ಎಸ್‌ನಿಂದ. ಪೂರ್ತಿ ಹೆಸರು ಪೀರಿಯಾಡಿಕ್ ಲೇಬರ್ ಫೋರ್ಸ್ ಸರ್ವೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2017ರ ಏಪ್ರಿಲ್‌ನಿಂದ ನಡೆಸ್ತಾ ಇದೆ. ಅದಕ್ಕೂ ಮೊದಲು ಸುಮಾರು ಐದು ವರ್ಷಕ್ಕೊಮ್ಮೆ ಇಂಥ ದೊಡ್ಡ ಸಮೀಕ್ಷೆ ನಡೀತಿತ್ತು. 2023-24ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋಗಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ವಿವರ ತೆಗೆದುಕೊಂಡಿದ್ದಾರೆ. ಸಮೀಕ್ಷಕರು ಟ್ಯಾಬ್ ಹಿಡಿದು ಬರ್ತಾರೆ, ಮನೆಯ ಪ್ರತಿಯೊಬ್ಬರಿಗೂ ಎರಡಂಕಿಯ ಒಂದು ಕೋಡ್ ಹಾಕ್ತಾರೆ.

11 ಅಂದರೆ ಆಳಿಟ್ಟುಕೊಳ್ಳದೆ ಸ್ವಂತ ಉದ್ಯೋಗ ಮಾಡುವವರು. 12 ಅಂದರೆ ಆಳಿಟ್ಟು ನಡೆಸುವ ಮಾಲೀಕರು. 21 ಅಂದರೆ ಮನೆಯವರದೇ ಅಂಗಡಿ, ಹೊಲ, ಕಸುಬಿನಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರು. 31 ನಮ್ಮಂಥ ತಿಂಗಳ ಸಂಬಳದವರದು. 51 ದಿನಗೂಲಿಯವರದು. 81 ನಿರುದ್ಯೋಗಿಗಳದು: ಕೆಲಸವಿಲ್ಲ, ಆದರೆ ಹುಡುಕ್ತಾ ಇದ್ದಾರೆ ಅಥವಾ ಸಿಕ್ಕರೆ ಮಾಡಲು ತಯಾರಿದ್ದಾರೆ. 91 ವಿದ್ಯಾರ್ಥಿ. 92 ಮನೆಗೆಲಸ ಮಾತ್ರ ಮಾಡುವವರು. 93 ಮನೆಗೆಲಸದ ಜತೆಗೆ ಮನೆ ಬಳಕೆಗೆ ಸೌದೆ ತರೋದು, ಹೊಲಿಯೋದು ಇಂಥದನ್ನೂ ಮಾಡುವವರು. 94 ಬಾಡಿಗೆ, ಪಿಂಚಣಿ ಮೇಲೆ ಬದುಕುವವರು. ಹೀಗೇ 97ರವರೆಗೆ.

ಇದರಲ್ಲಿ 51ರವರೆಗಿನ ಕೋಡ್‌ಗಳೆಲ್ಲ ಉದ್ಯೋಗ. 81 ನಿರುದ್ಯೋಗ. ಈ ಎರಡೂ ಸೇರಿದರೆ ಕಾರ್ಮಿಕ ಪಡೆ. 91ರಿಂದಾಚೆ ಇರುವವರು ಕಾರ್ಮಿಕ ಪಡೆಯ ಹೊರಗಿನವರು. ನಿರುದ್ಯೋಗ ದರದ ಭಾಗಾಕಾರದಲ್ಲಿ ಅವರು ಮೇಲೂ ಇಲ್ಲ, ಕೆಳಗೂ ಇಲ್ಲ.

ಇದನ್ನು ಇಟ್ಟುಕೊಂಡು ಒಂದು ಭಾನುವಾರ ತಿಪಟೂರಿಗೆ ಫೋನ್ ಮಾಡಿದೆ.

ಅಮ್ಮ: 92ರಿಂದ 21ಕ್ಕೆ

ಅಪ್ಪನದು ದಿನಸಿ ಅಂಗಡಿ. ಅಪ್ಪ ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆಯೋ ಹೊತ್ತಿನಲ್ಲಿ ಅಂಗಡಿಯಲ್ಲಿ ಅಮ್ಮ. ಸಂಜೆ ಸಕ್ಕರೆ, ತೊಗರಿಬೇಳೆ, ರವೆ ಎಲ್ಲವನ್ನೂ ಕಾಲು ಕೇಜಿ, ಅರ್ಧ ಕೇಜಿ ಕವರ್ ಮಾಡೋದೂ ಅಮ್ಮನೇ. ನಾನು ಎಂಜಿನಿಯರಿಂಗ್ ಓದಿದ್ದು ಆ ಕವರ್‌ಗಳ ಲಾಭದಲ್ಲಿ.

"ಅಮ್ಮ, ನೀನು ಏನು ಕೆಲಸ ಮಾಡ್ತೀಯಾ?" ಅಂತ ಸಮೀಕ್ಷಕರ ಧಾಟಿಯಲ್ಲೇ ಕೇಳಿದೆ.

"ಏನು ಕೆಲಸ ಕಣೇ? ಮನೇಲೇ ಇದೀನಲ್ಲ."

ಇಲ್ಲಿಗೆ ನಿಲ್ಲಿಸಿದರೆ ಅಮ್ಮನ ಕೋಡ್ 92. ಕಾರ್ಮಿಕ ಪಡೆಯ ಹೊರಗೆ. ನಾನು ಇನ್ನೊಂದು ಪ್ರಶ್ನೆ ಹಾಕಿದೆ.

"ಕಳೆದ ವಾರ ಅಂಗಡೀಲಿ ಒಂದು ಗಂಟೆನಾದ್ರೂ ಕೂತಿದ್ಯಾ?"

"ಒಂದು ಗಂಟೆನಾ? ನಾನು ಕೂರ್ದೆ ಇನ್ಯಾರು ಕೂರ್ತಾರೆ? ನಿಮ್ಮಪ್ಪ ಮಲಗಿದ್ರೆ ನಾಲ್ಕಕ್ಕೂ ಏಳಲ್ಲ."

ಈಗ ಕೋಡ್ 21. ಅಮ್ಮ ಉದ್ಯೋಗಸ್ಥೆ. ಅವಳ ದಿನಚರಿಯಲ್ಲಿ ಒಂದು ನಿಮಿಷವೂ ಬದಲಾಗಲಿಲ್ಲ, ಅವಳ ಕೈಗೆ ಒಂದು ರೂಪಾಯಿಯೂ ಬರಲಿಲ್ಲ. ನಾನು ಎರಡನೇ ಪ್ರಶ್ನೆ ಕೇಳಿದೆ, ಅಷ್ಟೇ.

ಇದು ನನ್ನೊಬ್ಬಳ ಅಮ್ಮನ ಕಥೆಯಾಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹಾರ್ವರ್ಡ್‌ನ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಹಳೇ ಜನಗಣತಿ ದಾಖಲೆಗಳನ್ನು ಕೆದಕಿದಾಗ ಸಿಕ್ಕಿದ್ದೂ ಇದೇ. ಗಂಡನ ಜತೆ ಹೊಲದಲ್ಲೋ ಮನೆ ವ್ಯಾಪಾರದಲ್ಲೋ ದುಡಿಯುತ್ತಿದ್ದ ಹೆಂಗಸರ ವೃತ್ತಿಯ ಜಾಗದಲ್ಲಿ 'ಹೆಂಡತಿ' ಅಂತ ಬರೆದು ಮುಗಿಸಿದ್ದರು. ಗೋಲ್ಡಿನ್ ಬೇರೆ ಬೇರೆ ದಾಖಲೆಗಳನ್ನು ಹೊಂದಿಸಿ ಲೆಕ್ಕ ಸರಿಮಾಡಿದಾಗ, 1890ರ ದಶಕದ ಕೊನೆಯಲ್ಲಿ ವಿವಾಹಿತ ಮಹಿಳೆಯರ ಉದ್ಯೋಗ ಪ್ರಮಾಣ ಜನಗಣತಿ ಹೇಳಿದ್ದಕ್ಕಿಂತ ಸುಮಾರು ಮೂರು ಪಟ್ಟು ಬಂತು. ನೂರು ವರ್ಷ ಜನ ತಪ್ಪು ಸಂಖ್ಯೆ ನೋಡಿಕೊಂಡು 'ಹೆಂಗಸರು ಮೊದಲು ದುಡೀತಿರಲಿಲ್ಲ, ಈಗ ದುಡೀತಿದಾರೆ' ಅಂತ ಸರಳರೇಖೆ ಎಳೆದಿದ್ದರು.

ಪ್ರಶ್ನೆ ಕೇಳುವ ರೀತಿ ಎಷ್ಟು ವ್ಯತ್ಯಾಸ ಮಾಡುತ್ತೆ ಅನ್ನೋದನ್ನು ವಿಶ್ವಬ್ಯಾಂಕ್‌ನ ಸಂಶೋಧಕರು ತಾಂಜಾನಿಯಾದಲ್ಲಿ ನೇರವಾಗಿ ಪ್ರಯೋಗ ಮಾಡಿ ನೋಡಿದ್ದಾರೆ. 2011ರಲ್ಲಿ ಅದು ಪ್ರಕಟವಾಯಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎ/ಬಿ ಟೆಸ್ಟ್. ಕೆಲವು ಮನೆಗಳಿಗೆ ಉದ್ದದ ಪ್ರಶ್ನಾವಳಿ, ಕೆಲವಕ್ಕೆ ಚಿಕ್ಕದು. ಕೆಲವು ಕಡೆ ಅವರವರೇ ಉತ್ತರಿಸಬೇಕು, ಕೆಲವು ಕಡೆ ಮನೆಯ ಇನ್ನೊಬ್ಬರು ಅವರ ಪರವಾಗಿ. ಚಿಕ್ಕ ಪ್ರಶ್ನಾವಳಿಯಲ್ಲಿ ಹೆಂಗಸರ ಉದ್ಯೋಗ ಪ್ರಮಾಣ ಕಡಿಮೆ ಬಂತು. ಇನ್ನೊಬ್ಬರು ಉತ್ತರ ಹೇಳಿದಾಗ ಕಡಿಮೆಯಾದದ್ದು ಗಂಡಸರ ಪ್ರಮಾಣ, ಅದರಲ್ಲೂ ಹೊಲದ ಕೆಲಸ. ಎರಡನೆಯದನ್ನು ನಾನಂತೂ ಊಹಿಸಿರಲಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ಕಾರ್ಮಿಕ ಪಡೆಯಲ್ಲಿ ಮಹಿಳೆಯರ ಪ್ರಮಾಣ 2017-18ರಲ್ಲಿ ಶೇ. 23.3 ಇತ್ತು, 2023-24ರಲ್ಲಿ ಶೇ. 41.7. ಹಳ್ಳಿಗಳಲ್ಲಂತೂ ಶೇ. 24.6ರಿಂದ ಶೇ. 47.6ಕ್ಕೆ ಹಾರಿದೆ. ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ದೊಡ್ಡ ಏರಿಕೆ ಸಣ್ಣ ವಿಷಯವಲ್ಲ. ಅರ್ಥಶಾಸ್ತ್ರಜ್ಞರು ಇದರ ಮೇಲೆ ಇನ್ನೂ ಗುದ್ದಾಡ್ತಾ ಇದ್ದಾರೆ. ಗ್ಯಾಸ್, ನಲ್ಲಿ ನೀರು ಬಂದು ಹೆಂಗಸರಿಗೆ ಸಮಯ ಉಳಿದಿದೆ, ಸ್ವಸಹಾಯ ಸಂಘಗಳಿಂದ ಕೈಸಾಲ ಸಿಕ್ಕಿದೆ ಅಂತ ಒಂದು ಪಕ್ಷ. ಕೋವಿಡ್‌ನಲ್ಲಿ ಮನೆಯ ಆದಾಯ ಬಿದ್ದಿದ್ದರಿಂದ ವಿಧಿಯಿಲ್ಲದೆ ಇಳಿದರು ಅಂತ ಇನ್ನೊಂದು. ಸಮೀಕ್ಷಕರು ಎರಡನೇ ಪ್ರಶ್ನೆ ಕೇಳೋದನ್ನು ಕಲಿತರು ಅಂತ ಮತ್ತೊಂದು.

ನನಗೆ ಮೂರೂ ನಿಜ ಅನ್ನಿಸುತ್ತೆ. ಆದರೆ ಒಳಗಿನ ಅಂಕಿ ನೋಡಿದರೆ ಖುಷಿಪಡೋದಕ್ಕೆ ಸ್ವಲ್ಪ ಕಷ್ಟ. ದೇಶದ ಒಟ್ಟು ಉದ್ಯೋಗಸ್ಥರಲ್ಲಿ ಸ್ವಯಂ ಉದ್ಯೋಗಿಗಳ ಪಾಲು ಇದೇ ಅವಧಿಯಲ್ಲಿ ಶೇ. 52.2ರಿಂದ ಶೇ. 58.4ಕ್ಕೆ ಏರಿತು. ಅವರೊಳಗೆ ಕೋಡ್ 21ರವರು, ಅಂದರೆ ಸಂಬಳವಿಲ್ಲದ ಕೈಯಾಳುಗಳು, ಒಟ್ಟು ಉದ್ಯೋಗಸ್ಥರ ಶೇ. 13.6 ಇದ್ದವರು ಶೇ. 19.4 ಆದರು. ತಿಂಗಳ ಸಂಬಳದವರ ಪಾಲು ಶೇ. 22.8ರಿಂದ ಶೇ. 21.7ಕ್ಕೆ ಇಳಿಯಿತು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 'ಸ್ಟೇಟ್ ಆಫ್ ವರ್ಕಿಂಗ್ ಇಂಡಿಯಾ 2023' ವರದಿ ಇದಕ್ಕೆ ಇನ್ನೊಂದು ಮಾತು ಸೇರಿಸುತ್ತೆ: 2020ರ ಲಾಕ್‌ಡೌನ್ ಮುಗಿದು ಎರಡು ವರ್ಷವಾದ ಮೇಲೂ ಸ್ವಯಂ ಉದ್ಯೋಗದ ಗಳಿಕೆ 2019ರ ಏಪ್ರಿಲ್-ಜೂನ್ ಮಟ್ಟದ ಶೇ. 85ರಷ್ಟೇ ಇತ್ತು. ಒಂದೇ ರೊಟ್ಟಿಯನ್ನು ಹೆಚ್ಚು ಕೈಗಳು ತಟ್ಟಿದರೆ ರೊಟ್ಟಿ ಎರಡಾಗಲ್ಲ.

ಅಮ್ಮನ ಕೋಡ್ 21 ಆದರೂ ಅಡುಗೆ, ಪಾತ್ರೆ, ಬಟ್ಟೆ ಎಲ್ಲೂ ಹೋಗಲಿಲ್ಲ ಅನ್ನೋದು ಬೇರೆ ಮಾತು. ಅದಕ್ಕೆ ಇನ್ನೊಂದು ಸರ್ಕಾರಿ ಸಮೀಕ್ಷೆ ಇದೆ, ಸಮಯ ಬಳಕೆಯ ಸಮೀಕ್ಷೆ. 2024ರಲ್ಲಿ ಅದು ಹೇಳಿದ್ದು: ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ. ಆ 88 ನಿಮಿಷದ ಬಗ್ಗೆ ಅಮ್ಮನಿಗೆ ಹೇಳಿದೆ. "ಯಾವೂರ ಗಂಡಸರಂತೆ?" ಅಂದಳು.

ತಮ್ಮ: ಒಂದು ಉತ್ತರದ ದೂರ

ಟೀ ಬ್ರೇಕಿನ ಆ ಪ್ರಶ್ನೆಯಲ್ಲಿದ್ದ ಕಸಿನ್ ನನ್ನ ಮಟ್ಟಿಗೆ ಚಿಕ್ಕಮ್ಮನ ಮಗ. 27 ವರ್ಷ, ಮೆಕ್ಯಾನಿಕಲ್ ಬಿ.ಇ. ವಿಜಯನಗರದಲ್ಲಿ ನಾಲ್ವರು ಹಂಚಿಕೊಂಡ ರೂಮು, ಬೆಳಗ್ಗೆ ಕೋಚಿಂಗ್, ಆಮೇಲೆ ರಾತ್ರಿವರೆಗೆ ರೀಡಿಂಗ್ ರೂಮು. ಮೆಟ್ರೋ ಸ್ಟೇಷನ್‌ನಿಂದ ಇಳಿದು ಆ ಬೀದಿಗಳಲ್ಲಿ ನಡೆದರೆ ಝೆರಾಕ್ಸ್ ಅಂಗಡಿಗಳ ಮುಂದೆ ಅವನಂಥವರು ನೂರಾರು ಜನ ಸಿಗ್ತಾರೆ. ಎಲ್ಲರ ಕೈಯಲ್ಲೂ ಪ್ರಚಲಿತ ವಿದ್ಯಮಾನ.

ಅವನನ್ನೂ ಕೇಳಿದೆ. "ಈಗ ಎಲ್ಲಾದ್ರೂ ಕೆಲಸ ಸಿಕ್ಕರೆ ಹೋಗ್ತೀಯೇನೋ?"

"ಯಾವ ಕೆಲಸ ಅಕ್ಕ? ಹದಿನೆಂಟು ಸಾವಿರದ ಸೇಲ್ಸ್ ಕೆಲಸಕ್ಕೆ ಹೋಗೋದಾದ್ರೆ ನಾಲ್ಕು ವರ್ಷದ ಹಿಂದೆನೇ ಹೋಗ್ತಿದ್ದೆ."

ಇವನು 81 ಆಗ್ತಾನೋ ಇಲ್ಲವೋ ಅನ್ನೋದು ಈ ಒಂದು ಉತ್ತರದ ಮೇಲಿದೆ. 'ಸಿಕ್ಕರೆ ಮಾಡ್ತೀನಿ' ಅಂದರೆ ನಿರುದ್ಯೋಗಿ. 'ಸದ್ಯಕ್ಕೆ ಓದ್ತಿದೀನಿ, ಬೇಡ' ಅಂದರೆ ಕಾರ್ಮಿಕ ಪಡೆಯಿಂದಲೇ ಹೊರಗೆ, ದರದಲ್ಲಿ ಅವನ ಸುಳಿವೇ ಇಲ್ಲ. ಅಕ್ಕಪಕ್ಕದ ರೂಮಿನ ಮಕ್ಕಳಿಗೆ ವಾರಕ್ಕೊಂದು ಗಂಟೆ ಗಣಿತ ಹೇಳಿಕೊಟ್ಟು ದುಡ್ಡು ತಗೊಂಡರೆ ವಾರದ ಲೆಕ್ಕದಲ್ಲಿ ಉದ್ಯೋಗಸ್ಥ.

ಇಲ್ಲಿ ಒಂದು ಸಣ್ಣ ಗಣಿತ ಮಾಡಿ ನೋಡಿ. ಒಂದು ಬೀದಿಯಲ್ಲಿ ಕಾರ್ಮಿಕ ಪಡೆಯ 50 ಜನ ಇದ್ದಾರೆ. 46 ಜನರಿಗೆ ಕೆಲಸ ಇದೆ, 4 ಜನ ಹುಡುಕ್ತಿದ್ದಾರೆ. ನಿರುದ್ಯೋಗ ದರ ಶೇ. 8. ಆ ನಾಲ್ವರಲ್ಲಿ ಇಬ್ಬರು ಸುಸ್ತಾಗಿ ಹುಡುಕೋದು ಬಿಟ್ಟು 'ಕೆಲಸವೇ ಬೇಡ' ಅಂದರು ಅಂತಿಟ್ಟುಕೊಳ್ಳಿ. ಈಗ ಪಡೆ 48, ನಿರುದ್ಯೋಗಿಗಳು 2, ದರ ಶೇ. 4.2. ಯಾರಿಗೂ ಕೆಲಸ ಸಿಗಲಿಲ್ಲ. ದರ ಮಾತ್ರ ಅರ್ಧಕ್ಕೆ ಬಂತು. ನಮ್ಮ ದೇಶದ ದರ ಇಳಿದದ್ದು ಹೀಗೆ ಅಂತ ನಾನು ಹೇಳ್ತಿಲ್ಲ. ಕಾರ್ಮಿಕ ಪಡೆ ನಮ್ಮಲ್ಲಿ ಹಿಗ್ಗಿದೆಯೇ ಹೊರತು ಕುಗ್ಗಿಲ್ಲ. ನಮ್ಮಲ್ಲಿ ಆಗಿದ್ದು ಇನ್ನೊಂದು ತುದಿಯಿಂದ: ಕೆಳಗಿನ ಛೇದಕ್ಕೆ ಅಮ್ಮನಂಥ ಕೋಟ್ಯಂತರ ಜನ 'ಉದ್ಯೋಗಸ್ಥರು' ಅಂತ ಸೇರಿಕೊಂಡರು.

ಹಾಗಾದರೆ ಓದಿದವರ ಕಥೆ ಏನು? ಅದೇ 2023ರ ವರದಿಯ ಪ್ರಕಾರ 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗ ಸುಮಾರು ಶೇ. 42. 35 ದಾಟಿದ ಪದವೀಧರರಲ್ಲಿ ಶೇ. 5ಕ್ಕಿಂತ ಕಡಿಮೆ. ಅಂದರೆ ಕೊನೆಗೆ ಎಲ್ಲರಿಗೂ ಏನೋ ಒಂದು ಕೆಲಸ ಆಗುತ್ತೆ. ಆದರೆ ಓದಿಗೆ ತಕ್ಕ ಕೆಲಸ ಆಯಿತಾ, ನಡುವಿನ ಹತ್ತು ವರ್ಷ ಏನಾಯಿತು ಅನ್ನೋದು ಆ ಶೇ. 5ರಲ್ಲಿ ಕಾಣಲ್ಲ. ಇನ್ನೊಂದು ಕಡೆ, ಶಾಲೆಗೇ ಹೋಗದವರಲ್ಲಿ ನಿರುದ್ಯೋಗ ದರ ತೀರಾ ಕಡಿಮೆ. ಅವರಿಗೆ ಒಳ್ಳೆ ಕೆಲಸ ಸಿಕ್ಕಿದೆ ಅಂತಲ್ಲ. ಇವತ್ತು ಕೂಲಿಗೆ ಹೋಗದಿದ್ದರೆ ಇವತ್ತೇ ಒಲೆ ಹೊತ್ತಲ್ಲ. ಕಾಯೋದಕ್ಕೂ ಬೆನ್ನ ಹಿಂದೆ ಯಾರಾದರೂ ಬೇಕು. ನನ್ನ ತಮ್ಮನ ಬೆನ್ನ ಹಿಂದೆ ಚಿಕ್ಕಪ್ಪನ ಎರಡು ಎಕರೆ ತೆಂಗಿನ ತೋಟ ಇದೆ.

ಕಾಯುವಿಕೆಯ ಬಗ್ಗೆ ನಾನು ಓದಿದ್ದರಲ್ಲಿ ತುಂಬಾ ಕಾಡಿದ್ದು ಪಕ್ಕದ ತಮಿಳುನಾಡಿನ ಒಂದು ಅಧ್ಯಯನ. 2001ರಿಂದ 2006ರವರೆಗೆ ಅಲ್ಲಿ ಸರ್ಕಾರ ಬಹುತೇಕ ನೇಮಕಾತಿ ನಿಲ್ಲಿಸಿತ್ತು. ಸಾಮಾನ್ಯ ತರ್ಕ ಏನು ಹೇಳುತ್ತೆ? ಹುದ್ದೆ ಇಲ್ಲ ಅಂದ ಮೇಲೆ ಹುಡುಗರು ಪರೀಕ್ಷೆಯ ಆಸೆ ಬಿಟ್ಟು ಬೇರೆ ಕೆಲಸ ಹಿಡೀತಾರೆ. ಕುನಾಲ್ ಮಂಗಲ್ ಅನ್ನೋ ಅರ್ಥಶಾಸ್ತ್ರಜ್ಞ ಅಂಕಿಅಂಶ ತೆಗೆದು ನೋಡಿದರೆ ಆಗಿದ್ದು ಉಲ್ಟಾ. ಆ ಅವಧಿಯಲ್ಲಿ ಪದವಿ ಮುಗಿಸಿದ ಗಂಡು ಮಕ್ಕಳು ಮೊದಲಿನವರಿಗಿಂತ ಹೆಚ್ಚು ಕಾಲ ಕೆಲಸವಿಲ್ಲದೆ ಓದುತ್ತಲೇ ಕಳೆದರು. ಅದರ ಪೆಟ್ಟು ಎಷ್ಟೋ ವರ್ಷಗಳ ನಂತರದ ಗಳಿಕೆಯಲ್ಲಿ, ಸ್ವಂತ ಸಂಸಾರ ಹೂಡುವುದರಲ್ಲಿ ಕಾಣಿಸಿತು. ಸೀಟು ಕಡಿಮೆ ಆದಷ್ಟೂ ಸ್ಪರ್ಧೆ ಬಿಗಿಯಾಗುತ್ತೆ, ಸ್ಪರ್ಧೆ ಬಿಗಿಯಾದಷ್ಟೂ ಇನ್ನೊಂದು ವರ್ಷ ಹೆಚ್ಚು ಓದಬೇಕು ಅನ್ನಿಸುತ್ತೆ.

ನಮ್ಮಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಎರಡು ವರ್ಷ ಮೂರು ತಿಂಗಳು. ಆ ಹುಡುಗ ಹುಡುಗಿಯರನ್ನು ಸೋಮಾರಿಗಳು ಅಂತ ಮದುವೆಮನೆಗಳಲ್ಲಿ ಹಿರಿಯರು ಹೇಳೋದು ಕೇಳಿದಾಗ ನನಗೆ ಮೈ ಉರಿಯುತ್ತೆ.

ವ್ಯಾಖ್ಯೆ ಬರೀ ಪಾಂಡಿತ್ಯದ ವಿಷಯ ಅಲ್ಲ, ದುಡ್ಡಿನ ವಿಷಯವೂ ಹೌದು. ಕರ್ನಾಟಕ ಸರ್ಕಾರದ ಯುವನಿಧಿ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500, ಗರಿಷ್ಠ ಎರಡು ವರ್ಷ. ಅಲ್ಲಿ ನಿರುದ್ಯೋಗಿ ಅಂದರೆ ಕೋಡ್ 81 ಅಲ್ಲ. ಓದು ಮುಗಿದು 180 ದಿನವಾದರೂ ಕೆಲಸ ಸಿಕ್ಕಿರಬಾರದು, ಸ್ವಯಂ ಉದ್ಯೋಗ ಇರಬಾರದು, ಮುಂದಿನ ಓದಿಗೆ ಸೇರಿರಬಾರದು. ಯೋಜನೆ ಶುರುವಾದದ್ದು 2022-23ರಲ್ಲಿ ಪಾಸಾದವರಿಂದ. ನನ್ನ ತಮ್ಮ ಪಾಸಾದದ್ದು ಅದಕ್ಕೂ ಮೊದಲು. ಹಾಗಾಗಿ ಅವನು ದೆಹಲಿಯ ಲೆಕ್ಕದಲ್ಲಿ ಒಂದು, ಬೆಂಗಳೂರಿನ ಲೆಕ್ಕದಲ್ಲಿ ಇನ್ನೊಂದು, ಚಿಕ್ಕಮ್ಮನ ಲೆಕ್ಕದಲ್ಲಿ 'ಓದ್ತಾ ಇದಾನೆ'.

ಕಾಣದ ಐದು ತಿಂಗಳು

2023ರ ಜನವರಿ ಕೊನೆಗೆ ನನ್ನ ಕೆಲಸ ಹೋಯ್ತು. ಹನ್ನೊಂದು ನಿಮಿಷದ ವಿಡಿಯೋ ಕಾಲ್, ಕ್ಯಾಮೆರಾ ಆಫ್ ಮಾಡಿಕೊಂಡ ಮ್ಯಾನೇಜರ್, ಮಧ್ಯಾಹ್ನಕ್ಕೆ ಲ್ಯಾಪ್‌ಟಾಪ್ ಲಾಕ್. ಆ ವರ್ಷ ಇಂಥ ಕಥೆ ನಿಮ್ಮ ಅಪಾರ್ಟ್‌ಮೆಂಟಲ್ಲೂ ಎರಡಾದರೂ ಇದ್ದಿರುತ್ತೆ. ಜುಲೈನಲ್ಲಿ ಬೇರೆ ಕಡೆ ಸೇರಿದೆ, ಮೊದಲಿಗಿಂತ ಕಡಿಮೆ ಸಂಬಳಕ್ಕೆ.

ಈಗ ಕೋಡ್ ಹಾಕೋಣ. ಸುದ್ದಿಯಲ್ಲಿ ಬರುವ ಶೇ. 3.2 'ಸಾಮಾನ್ಯ ಸ್ಥಿತಿ'ಯ ದರ. ಹಿಂದಿನ 365 ದಿನಗಳಲ್ಲಿ ಹೆಚ್ಚು ಕಾಲ ಏನು ಮಾಡ್ತಿದ್ದಿರಿ ಅನ್ನೋದು ಮುಖ್ಯ. ಅದರ ಮೇಲೆ, 30 ದಿನ ಅಥವಾ ಹೆಚ್ಚು ಏನಾದರೂ ದುಡಿದಿದ್ದರೆ ಅದನ್ನೂ ಉದ್ಯೋಗವಾಗಿ ಸೇರಿಸ್ತಾರೆ. ಜುಲೈನಲ್ಲಿ ಸಮೀಕ್ಷಕರು ನನ್ನ ಬಾಗಿಲು ತಟ್ಟಿದ್ದರೆ? ಏಳು ತಿಂಗಳು ಕೆಲಸ, ಐದು ತಿಂಗಳು ಇಲ್ಲ. ಕೋಡ್ 31. ಸುಖವಾಗಿ ಸಂಬಳ ಪಡೆಯುವ ಉದ್ಯೋಗಿ. ಆ ಐದು ತಿಂಗಳು ವರ್ಷದ ಲೆಕ್ಕದಲ್ಲಿ ಎಲ್ಲೂ ಇಲ್ಲ.

ವಾರದ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಅದರ ಪ್ರಕಾರ 2023-24ರ ನಿರುದ್ಯೋಗ ದರ ಶೇ. 4.9. ಅದೇ ದೇಶ, ಅದೇ ಮನೆಗಳು, ಅದೇ ಸಮೀಕ್ಷೆ, ಬೇರೆ ಸಂಖ್ಯೆ. ಆದರೆ ಅಲ್ಲೂ ನಾನೊಂದು ವಾರ ತಪ್ಪಿಸಿಕೊಳ್ತೀನಿ: ಏಪ್ರಿಲ್‌ನಲ್ಲಿ ಪರಿಚಯದ ಬೇಕರಿಯವರಿಗೆ ವೆಬ್‌ಸೈಟ್ ಮಾಡಿಕೊಟ್ಟು 8,000 ರೂಪಾಯಿ ತಗೊಂಡೆ. ಆ ವಾರ ಉದ್ಯೋಗಸ್ಥೆ. ಕಾಂಪ್ಲಿಮೆಂಟರಿ ಆಗಿ ಬಂದ ಬೆಣ್ಣೆ ಬಿಸ್ಕತ್ತಿಗೆ ಕೋಡ್ ಇಲ್ಲ.

ಆ ತಿಂಗಳುಗಳಲ್ಲಿ ದುಡ್ಡಿಗಿಂತ ಹೆಚ್ಚಾಗಿ ಹಿಂಸೆ ಕೊಟ್ಟಿದ್ದು ಸಮಯ. ಇಷ್ಟೊಂದು ಬಿಡುವಿದೆ, ಓದ್ತೀನಿ, ಕಲೀತೀನಿ ಅಂದುಕೊಂಡಿದ್ದೆ. ಮೂರನೇ ವಾರದ ಹೊತ್ತಿಗೆ ಸಂಜೆ ಆರಕ್ಕೆ ಯೋಚಿಸಿದರೆ ಬೆಳಗಿಂದ ಏನು ಮಾಡಿದೆ ಅಂತ ನೆನಪಾಗ್ತಿರಲಿಲ್ಲ. ಇದು ನನ್ನ ದೌರ್ಬಲ್ಯ ಅಲ್ಲ ಅಂತ ತಿಳಿದದ್ದು ಮರಿಯೆಂಥಾಲ್ ಬಗ್ಗೆ ಓದಿದ ಮೇಲೆ.

ಮರಿಯೆಂಥಾಲ್ ಆಸ್ಟ್ರಿಯಾದಲ್ಲಿ, ವಿಯೆನ್ನಾ ಹತ್ತಿರದ ಒಂದು ಹಳ್ಳಿ. 478 ಕುಟುಂಬ, ಊರಿಗೆಲ್ಲ ಆಧಾರ ಒಂದೇ ಬಟ್ಟೆ ಗಿರಣಿ. 1929-30ರ ಹೊತ್ತಿಗೆ ಆ ಗಿರಣಿ ಮುಚ್ಚಿತು. ಮಾರಿ ಯಹೋದಾ, ಪಾಲ್ ಲಾಝರ್ಸ್‌ಫೆಲ್ಡ್, ಹಾನ್ಸ್ ಝೈಸಲ್ ಅನ್ನೋ ಮೂವರು ಎಳೆಯ ಸಂಶೋಧಕರು ಅಲ್ಲಿಗೆ ಹೋಗಿ ಊರನ್ನು ಒಳಗಿನಿಂದ ನೋಡಿ 1933ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ಬರೀ ಎಷ್ಟು ಜನರಿಗೆ ಕೆಲಸ ಇಲ್ಲ ಅಂತ ಎಣಿಸಲಿಲ್ಲ. ಗಡಿಯಾರ ಮರೆಯಲ್ಲಿಟ್ಟುಕೊಂಡು ಮುಖ್ಯಬೀದಿಯಲ್ಲಿ ಜನ ಎಷ್ಟು ವೇಗವಾಗಿ ನಡೀತಾರೆ ಅಂತ ಅಳೆದರು. ಗಂಡಸರು ನಿಧಾನ, ನಡುನಡುವೆ ನಿಲ್ಲೋರು. ಹೆಂಗಸರು ಸರಸರ ಹೋಗೋರು, ಯಾಕಂದರೆ ಮನೆಗೆಲಸಕ್ಕೆ ಲೇಆಫ್ ಇಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಪಡೆಯುವ ಶುಲ್ಕ ತೆಗೆದುಹಾಕಿದ್ದರೂ ಎರವಲು ಹೋಗುವ ಪುಸ್ತಕಗಳು ಎರಡು ವರ್ಷದಲ್ಲಿ ಅರ್ಧಕ್ಕಿಳಿದಿದ್ದವು. ದಿನಚರಿ ಬರೆಯಿರಿ ಅಂತ ಗಂಡಸರಿಗೆ ಹಾಳೆ ಕೊಟ್ಟರೆ ತುಂಬಿಸೋಕೆ ಏನೂ ನೆನಪಾಗ್ತಿರಲಿಲ್ಲ.

ಈ ಪುಟ ಓದಿದಾಗ ನನಗಾದ ಸಮಾಧಾನ ಯಾವ ಮೋಟಿವೇಷನಲ್ ವಿಡಿಯೋದಿಂದಲೂ ಆಗಿರಲಿಲ್ಲ.

ಒಂದೇ ಸಂಖ್ಯೆ ಸಾಲದು ಅಂತ ಯಾವಾಗಲೇ ಹೇಳಿದ್ದರು

ನಮ್ಮ ಆಫೀಸಿನ ಸೆಕ್ಯೂರಿಟಿ ಒಬ್ಬರು ರಾತ್ರಿ ಪಾಳಿ ಮುಗಿಸಿ ಮಧ್ಯಾಹ್ನ ಊಟ ಡೆಲಿವರಿ ಮಾಡ್ತಾರೆ. ಎರಡು ದುಡಿಮೆ, ಆದರೂ ಬಾಡಿಗೆಗೆ ತಿಂಗಳ ಕೊನೆಗೆ ಕೈಸಾಲ. ನಿರುದ್ಯೋಗದ ಯಾವ ಅಳತೆಗೂ ಅವರು ಸಿಗಲ್ಲ. ಆಪ್ ಮೂಲಕ ದುಡಿಯುವವರಿಗೆ ಆ ಕೋಡ್ ಪಟ್ಟಿಯಲ್ಲಿ ಪ್ರತ್ಯೇಕ ಸಂಖ್ಯೆಯೂ ಇಲ್ಲ. ನೀತಿ ಆಯೋಗ 2022ರಲ್ಲಿ ಅಂದಾಜು ಮಾಡಿದಂತೆ 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರು, 2029-30ಕ್ಕೆ ಅದು 2.35 ಕೋಟಿ ಆಗಬಹುದು. ಆ 2.35 ಕೋಟಿ ಜನ ಮಾಲೀಕರೋ ನೌಕರರೋ ಅನ್ನೋ ಪ್ರಶ್ನೆಗೆ ಪಿಎಫ್, ಅಪಘಾತ ವಿಮೆ, ರಜೆ ಎಲ್ಲ ಅಂಟಿಕೊಂಡಿವೆ.

ಇದನ್ನೆಲ್ಲ ಮೊದಲು ಯೋಚಿಸಿದವರು ನಾವಲ್ಲ. ಯೋಜನಾ ಆಯೋಗ ನೇಮಿಸಿದ ಎಂ.ಎಲ್. ದಾಂತ್ವಾಲಾ ಅಧ್ಯಕ್ಷತೆಯ ತಜ್ಞರ ಸಮಿತಿ 1970ರಲ್ಲೇ ಹೇಳಿತ್ತು: ಮನೆಮಂದಿಯೆಲ್ಲ ಹೊಲ-ಅಂಗಡಿಯಲ್ಲಿ ದುಡಿಯುವ ನಮ್ಮಂಥ ದೇಶದಲ್ಲಿ ನಿರುದ್ಯೋಗವನ್ನು ಒಂದೇ ಸಂಖ್ಯೆಗೆ ಇಳಿಸೋದು ಸರಿಯಲ್ಲ, ಹಲವು ಅಳತೆ ಬೇಕು. ಅದರ ಫಲವಾಗಿಯೇ 1972-73ರ ದೊಡ್ಡ ಸಮೀಕ್ಷೆಯಿಂದ ವರ್ಷದ ಲೆಕ್ಕ, ವಾರದ ಲೆಕ್ಕ ಅಂತ ಬೇರೆ ಬೇರೆ ಬಂದವು. 1973ರಲ್ಲಿ ರಾಜ್ ಕೃಷ್ಣ, 'ಹಿಂದೂ ಬೆಳವಣಿಗೆ ದರ' ಅನ್ನೋ ಮಾತು ಹುಟ್ಟುಹಾಕಿದ ಅದೇ ಅರ್ಥಶಾಸ್ತ್ರಜ್ಞ, ನಾಲ್ಕು ಕಡೆಯಿಂದ ನೋಡಿ ಅಂದರು: ಎಷ್ಟು ಹೊತ್ತು ಕೆಲಸ, ಎಷ್ಟು ಗಳಿಕೆ, ಇನ್ನೂ ಮಾಡುವ ಇಷ್ಟ ಇದೆಯಾ, ಆ ಕೆಲಸದಿಂದ ಏನು ಉತ್ಪತ್ತಿ ಆಗ್ತಿದೆ. ತಮ್ಮ ಮೊದಲನೆಯದರಲ್ಲಿ ಸಿಗ್ತಾನೆ, ಸೆಕ್ಯೂರಿಟಿಯವರು ಎರಡನೆಯದರಲ್ಲಿ.

2025ರ ಜನವರಿಯಿಂದ ಸಮೀಕ್ಷೆ ಬದಲಾಗಿದೆ. ಹೆಚ್ಚು ಮನೆಗಳಿಗೆ ಹೋಗ್ತಾರೆ, ವಾರದ ಲೆಕ್ಕದ ದರ ಈಗ ಪ್ರತಿ ತಿಂಗಳೂ ಬರುತ್ತೆ. ಮೊದಲ ತಿಂಗಳ ಅಂಕಿ, 2025ರ ಏಪ್ರಿಲ್‌ನದು, ಶೇ. 5.1. ಅದು ಬಂದ ದಿನ ಕೆಲವರು ಅದನ್ನು ಹಳೆಯ 3.2ರ ಪಕ್ಕ ಇಟ್ಟು 'ನಿರುದ್ಯೋಗ ಏರಿಕೆ' ಅಂತ ಪೋಸ್ಟ್ ಹಾಕಿದರು. ಒಂದು ವಾರದ ಅಳತೆ, ಇನ್ನೊಂದು ವರ್ಷದ ಅಳತೆ. ಎರಡನ್ನು ಹೋಲಿಸೋದು ಸೇರನ್ನೂ ಮೊಳವನ್ನೂ ಹೋಲಿಸಿದ ಹಾಗೆ. ಮುಂದಿನ ತಿಂಗಳು ಸುದ್ದಿ ಬಂದಾಗ ನಾನಂತೂ ದರವನ್ನು ಕೊನೆಗೆ ನೋಡ್ತೀನಿ. ಮೊದಲು ನೋಡೋದು ಕಾರ್ಮಿಕ ಪಡೆ ಹಿಗ್ಗಿತಾ ಕುಗ್ಗಿತಾ ಅಂತ. ಆಮೇಲೆ 15ರಿಂದ 29 ವರ್ಷದವರ ಸಾಲು. 2023-24ರಲ್ಲಿ ಒಟ್ಟು ದರ 3.2 ಇದ್ದಾಗ ಅವರದು 10.2 ಇತ್ತು. ವಾರ್ಷಿಕ ವರದಿಯಾದರೆ ಕೋಡ್ 21ರ ಪಾಲು.

ಅಂದಹಾಗೆ, ಸಮೀಕ್ಷಕರು ಯಾವತ್ತಾದರೂ ನಿಮ್ಮ ಬಾಗಿಲಿಗೆ ಬಂದರೆ, ಮನೆಯವರೆಲ್ಲರ ಪರವಾಗಿ ಒಬ್ಬರೇ ಉತ್ತರ ಹೇಳಿ ಕಳಿಸುವುದುಂಟು. ನಮ್ಮನೆಗೆ ಬಂದರೆ ಉತ್ತರ ಹೇಳೋದು ಅಪ್ಪ. ಅವರಿಗೂ ಫೋನ್ ಕೊಡಿಸಿಕೊಂಡು ಕೇಳಿದೆ, "ಅಪ್ಪ, ಅಮ್ಮ ಏನು ಕೆಲಸ ಮಾಡ್ತಾಳೆ?" ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವಳದೇ ಅಲ್ವೇನಮ್ಮ ಅಂಗಡಿ" ಅಂದರು. ಹಾಗಾದರೆ ಅಮ್ಮನ ಕೋಡ್ 21 ಅಲ್ಲ, 11 ಆಗಬೇಕಾಗುತ್ತೆ. ಅಪ್ಪನಿಗೆ ಯಾವುದು ಹಾಕೋದು ಅಂತ ಇನ್ನೂ ತೀರ್ಮಾನವಾಗಿಲ್ಲ.